ಸೊಂಟ ಎಳೆದರೆ ಡಿಸ್ಕ್ ಒಳಗೆ ಹೋದೀತೇ?

ಸೊಂಟದಲ್ಲಿ ಶುರುವಾದ ನೋವು ತೊಡೆಯ ಹಿಂಭಾಗ, ಮೀನಖಂಡ ದಾಟಿ ಕಾಲಿನ ಹೆಬ್ಬೆರಳವರೆಗೆ ಸೆಳೆಯುತ್ತದೆ. ಎಂಆರ್‌ಐ ಮಾಡಿಸಿದರೆ ‘ಎಲ್4–ಎಲ್5 ಡಿಸ್ಕ್ ಪ್ರೊಟ್ರೂಷನ್’ ಎಂದು, ಅಂದರೆ ಸೊಂಟದ ನಾಲ್ಕನೆಯ ಮತ್ತು ಐದನೆಯ ಮೂಳೆಗಳ ನಡುವಿನ ಡಿಸ್ಕ್ ಚಾಚಿಕೊಂಡಿದೆ ಎಂದು ವರದಿ ಬರುತ್ತದೆ. ಡಾಕ್ಟರು ಮಾತ್ರೆ ಬರೆದುಕೊಟ್ಟು, “ಹತ್ತು ದಿನ ಟ್ರ್ಯಾಕ್ಷನ್ ಹಾಕಿಸಿಕೊಳ್ಳಿ, ಆಮೇಲೆ ನೋಡೋಣ” ಅನ್ನುತ್ತಾರೆ. ಆಪರೇಷನ್ ಮಾತು ಬರಲಿಲ್ಲವಲ್ಲ ಎಂಬ ಸಮಾಧಾನದಲ್ಲಿ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಕೇಳಿದರೂ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಎರಡು ಮೂಳೆಗಳ ನಡುವಿನ ಡಿಸ್ಕ್ ಹೊರಗೆ ಬಂದಿದೆ, ಟ್ರ್ಯಾಕ್ಷನ್ ಯಂತ್ರದಿಂದ ಬೆನ್ನನ್ನು ಎಳೆದರೆ ಮೂಳೆಗಳ ನಡುವೆ ಜಾಗವಾಗುತ್ತದೆ, ಡಿಸ್ಕ್ ವಾಪಸ್ ಒಳಗೆ ಹೋಗುತ್ತದೆ.

ಇಷ್ಟು ಸಲೀಸಾಗಿ ತಲೆಗೆ ಹತ್ತುವ ವಿವರಣೆ ವೈದ್ಯಕೀಯದಲ್ಲಿ ಅಪರೂಪ. ಅದರಲ್ಲಿ ಎಳೆದರೆ ಜಾಗವಾಗುತ್ತದೆ ಎಂಬುದು ತಕ್ಕಮಟ್ಟಿಗೆ ನಿಜ. ಡಿಸ್ಕ್ ಒಳಗೆ ಹೋಗಿ ಕೂತುಬಿಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಇಷ್ಟಾದರೂ ಟ್ರ್ಯಾಕ್ಷನ್ ಹಾಕಿಸಿಕೊಂಡವರಲ್ಲಿ ಬಹಳಷ್ಟು ಜನಕ್ಕೆ ಗುಣವಾಗುತ್ತದೆ. ಈ ಮೂರೂ ಮಾತು ಒಂದರ ಪಕ್ಕ ಒಂದು ಹೇಗೆ ನಿಲ್ಲುತ್ತವೆ ಎಂದು ತಿಳಿಯಬೇಕಾದರೆ ಮೊದಲು ಡಿಸ್ಕ್ ಒಳಗೆ ಏನಿದೆ ಎಂದು ನೋಡಬೇಕು.

ನಮ್ಮ ಬೆನ್ನುಮೂಳೆಯ ಸಾಲಿನಲ್ಲಿ 23 ಡಿಸ್ಕ್‌ಗಳಿವೆ. ಪ್ರತಿಯೊಂದರ ನಡುವೆ ಲೋಳೆಯಂಥ ತಿರುಳು, ಅದರ ಸುತ್ತ ನಾರಿನ ಗಟ್ಟಿ ಉಂಗುರ. ಈ ಉಂಗುರದಲ್ಲಿ ಸುಮಾರು 15ರಿಂದ 25 ಪದರಗಳು; ಒಂದರ ನಾರು ಬಲಕ್ಕೆ ಓರೆಯಾಗಿದ್ದರೆ ಮುಂದಿನದರ ನಾರು ಎಡಕ್ಕೆ ಓರೆ. ಎಳೆ ವಯಸ್ಸಿನಲ್ಲಿ ತಿರುಳಿನ ಶೇ. 80ಕ್ಕೂ ಹೆಚ್ಚು ಭಾಗ ನೀರೇ. ಹಗಲೆಲ್ಲ ದೇಹದ ಭಾರ ಬಿದ್ದು ಆ ನೀರು ಸ್ವಲ್ಪಸ್ವಲ್ಪವೇ ಹೊರಗೆ ಜಿನುಗುತ್ತದೆ, ರಾತ್ರಿ ಮಲಗಿದಾಗ ಡಿಸ್ಕ್ ಅದನ್ನು ಮತ್ತೆ ಹೀರಿಕೊಳ್ಳುತ್ತದೆ. ಬೆಳಿಗ್ಗೆ ಎದ್ದಾಗ ನಾವು ಹಿಂದಿನ ಸಂಜೆಗಿಂತ ಒಂದೆರಡು ಸೆಂಟಿಮೀಟರ್ ಉದ್ದವಾಗಿರುತ್ತೇವೆ. ಡಿಸ್ಕ್ ತೊಂದರೆ ಇರುವವರಿಗೆ ಎದ್ದ ಕೂಡಲೇ ಬಗ್ಗಿ ಬಕೆಟ್ ಎತ್ತುವುದು ಮಧ್ಯಾಹ್ನಕ್ಕಿಂತ ಹೆಚ್ಚು ಕಷ್ಟವಾಗುವುದಕ್ಕೂ ಇದೇ ಕಾರಣ: ಆಗ ಡಿಸ್ಕ್ ನೀರು ಕುಡಿದು ಉಬ್ಬಿ, ಬಿಗಿಯಾಗಿ ಕೂತಿರುತ್ತದೆ.

ಇಂಥ ಡಿಸ್ಕ್ ಇಡಿಯಾಗಿ ಎಲ್ಲಿಗೂ ಜಾರುವುದಿಲ್ಲ. ಮೇಲಿನ ಮತ್ತು ಕೆಳಗಿನ ಮೂಳೆಗೆ ಅದು ಬಲವಾಗಿ ಅಂಟಿಕೊಂಡೇ ಇರುತ್ತದೆ. ಆಗುವುದೇನೆಂದರೆ ಉಂಗುರದ ಹಿಂಭಾಗದ ನಾರುಗಳು ಸೀಳಿ, ಒಳಗಿನ ತಿರುಳು ಅತ್ತ ನುಗ್ಗುತ್ತದೆ. ಕಡುಬಿನ ಅಂಚು ಬಿಟ್ಟುಕೊಂಡು ಹೂರಣ ಹೊರಗೆ ಬಂದ ಹಾಗೆ. ಅಂಚು ಬಿಡದೆ ಸುಮ್ಮನೆ ಉಬ್ಬಿದ್ದರೆ ವರದಿಯಲ್ಲಿ ‘ಬಲ್ಜ್’, ಒಂದು ಕಡೆ ಹೊರಕ್ಕೆ ಚಾಚಿದ್ದರೆ ‘ಪ್ರೊಟ್ರೂಷನ್’, ತಿರುಳು ಸೀಳಿನಿಂದ ಹೊರಗೆ ಬಂದಿದ್ದರೆ ‘ಎಕ್ಸ್‌ಟ್ರೂಷನ್’, ತುಂಡು ಪೂರ್ತಿ ಕಳಚಿಕೊಂಡು ಬಿದ್ದಿದ್ದರೆ ‘ಸೀಕ್ವೆಸ್ಟ್ರೇಷನ್’. ಸೊಂಟದ ಭಾಗದಲ್ಲಿ ಹೀಗಾಗುವುದು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ಕೆಳಗಿನ ಎರಡೇ ಡಿಸ್ಕ್‌ಗಳಲ್ಲಿ, ಎಲ್4–ಎಲ್5 ಮತ್ತು ಎಲ್5–ಎಸ್1. ಹಿಂಬದಿಯ ನಟ್ಟನಡುವೆ ಒಂದು ಅಸ್ಥಿರಜ್ಜು (ಮೂಳೆಗಳನ್ನು ಕಟ್ಟಿಹಿಡಿಯುವ ಗಟ್ಟಿ ಪಟ್ಟಿ) ತಡೆಯಾಗಿ ನಿಂತಿರುವುದರಿಂದ ತಿರುಳು ಅದರ ಪಕ್ಕದಿಂದ ದಾರಿ ಮಾಡಿಕೊಳ್ಳುತ್ತದೆ. ಕಾಲಿಗೆ ಹೋಗುವ ನರದ ಬುಡ ಇರುವುದೂ ಅದೇ ಪಕ್ಕದಲ್ಲೇ.

ನರಕ್ಕೆ ನೋವಾಗುವುದು ಒತ್ತಡದಿಂದ ಮಾತ್ರ ಎಂದು ಬಹುಕಾಲ ನಂಬಿದ್ದರು. 1993ರಲ್ಲಿ ಸ್ವೀಡನ್ನಿನ ಸಂಶೋಧಕರು ಹಂದಿಗಳ ಡಿಸ್ಕ್ ತಿರುಳನ್ನು ತೆಗೆದು ಅವುಗಳ ನರದ ಬುಡಕ್ಕೆ ಸುಮ್ಮನೆ ಸವರಿದರು, ಒತ್ತಲಿಲ್ಲ. ಅಷ್ಟಕ್ಕೇ ನರದ ಕೆಲಸ ಕುಂಠಿತವಾಯಿತು. ತಿರುಳಿನಲ್ಲಿರುವ ರಾಸಾಯನಿಕಗಳು ನರವನ್ನು ಉರಿಯೂತಕ್ಕೆ ತಳ್ಳುತ್ತವೆ ಎಂಬುದು ಈಗ ಎಲ್ಲರೂ ಒಪ್ಪುವ ಮಾತು. ಎಂಆರ್‌ಐನಲ್ಲಿ ಸಣ್ಣದಾಗಿ ಕಾಣುವ ಉಬ್ಬು ಒಬ್ಬರನ್ನು ಮಂಚ ಹಿಡಿಸುವುದೂ, ದೊಡ್ಡ ಉಬ್ಬು ಇನ್ನೊಬ್ಬರಿಗೆ ಗೊತ್ತೇ ಆಗದಂತೆ ಇರುವುದೂ ಇದರಿಂದ ಸ್ವಲ್ಪ ಅರ್ಥವಾಗುತ್ತದೆ. ಟ್ರ್ಯಾಕ್ಷನ್ ವಿಷಯಕ್ಕೆ ಬಂದಾಗ ಈ ಸಂಗತಿ ಮುಖ್ಯ. ಉರಿಯೂತವನ್ನು ಎಳೆದು ತೆಗೆಯಲು ಬರುವುದಿಲ್ಲ.

ಕುಬ್ಜೆಯಿಂದ ಲಂಡನ್ನಿನವರೆಗೆ

ಬೆನ್ನು ಎಳೆಯುವ ಚಿಕಿತ್ಸೆಯ ಇತಿಹಾಸ ಬರೆಯುವ ವೈದ್ಯರು ಭಾಗವತದ ಕುಬ್ಜೆಯ ಪ್ರಸಂಗವನ್ನು ಉಲ್ಲೇಖಿಸುವುದುಂಟು. ಮಥುರೆಯ ಬೀದಿಯಲ್ಲಿ ಕಂಸನಿಗೆ ಗಂಧ ಒಯ್ಯುತ್ತಿದ್ದ ಗೂನುಬೆನ್ನಿನ ಹೆಂಗಸಿನ ಪಾದಗಳನ್ನು ಕೃಷ್ಣ ತನ್ನ ಪಾದಗಳಿಂದ ಒತ್ತಿ ಹಿಡಿದು, ಗಲ್ಲದ ಕೆಳಗೆ ಎರಡು ಬೆರಳಿಟ್ಟು ಮೇಲಕ್ಕೆತ್ತಿದ, ಅವಳು ನೆಟ್ಟಗಾದಳು. ಒಂದು ತುದಿಯನ್ನು ಕದಲದಂತೆ ಹಿಡಿದು ಇನ್ನೊಂದು ತುದಿಯನ್ನು ಎಳೆಯುವುದು: ಇವತ್ತಿನ ಟ್ರ್ಯಾಕ್ಷನ್ ಟೇಬಲ್ಲಿನ ತತ್ವವೂ ಇದೇ. ಕುಬ್ಜೆಯದು ಡಿಸ್ಕ್ ತೊಂದರೆಯಲ್ಲ, ಚಿಕಿತ್ಸೆ ಕೊಟ್ಟವನು ಫಿಸಿಯೋಥೆರಪಿಸ್ಟೂ ಅಲ್ಲ ಎಂಬುದನ್ನು ಬಿಟ್ಟರೆ ಉಲ್ಲೇಖದಲ್ಲಿ ತಪ್ಪೇನಿಲ್ಲ.

ಗ್ರೀಸಿನ ಹಿಪೊಕ್ರೆಟಿಸನ ಬರಹಗಳು ಇನ್ನೂ ಸ್ವಾರಸ್ಯ. ಅವನ ಕಾಲದಲ್ಲಿ ಗೂನುಬೆನ್ನಿನವರನ್ನು ಏಣಿಗೆ ಕಟ್ಟಿ, ಏಣಿಯನ್ನು ಗೋಪುರದ ಎತ್ತರಕ್ಕೆ ಏರಿಸಿ, ಧಡಕ್ಕನೆ ಕೆಳಕ್ಕೆ ಬಿಟ್ಟು ಕುಲುಕುತ್ತಿದ್ದರು. ಈ ವಿಧಾನವನ್ನು ಅವನು ವಿವರವಾಗಿ ಬರೆದು, ಜೊತೆಗೇ ಇದನ್ನು ಮಾಡುವವರು ಹೆಚ್ಚಾಗಿ ಜನರ ಗುಂಪನ್ನು ಬೆರಗುಗೊಳಿಸಲೆಂದೇ ಮಾಡುತ್ತಾರೆ, ರೋಗಿಗೆ ಆಮೇಲೆ ಏನಾಯಿತು ಎಂಬ ಚಿಂತೆ ಅವರಿಗಿಲ್ಲ ಎಂದು ಕಟುವಾಗಿ ಹೇಳುತ್ತಾನೆ. ಅದರ ಬದಲು ಅವನು ಸೂಚಿಸಿದ್ದು ಮರದ ಹಲಗೆ. ರೋಗಿಯನ್ನು ಬೋರಲು ಮಲಗಿಸಿ, ಎದೆಗೂ ಸೊಂಟಕ್ಕೂ ಪಟ್ಟಿ ಕಟ್ಟಿ, ಎರಡೂ ಕಡೆ ಎಳೆದು, ಉಬ್ಬಿದ ಜಾಗವನ್ನು ಕೈಯಿಂದ ಒತ್ತುವುದು.

ಡಿಸ್ಕ್ ಎಂಬ ಅಪರಾಧಿ ಪತ್ತೆಯಾದದ್ದು ಬಹಳ ತಡವಾಗಿ. 1934ರಲ್ಲಿ ಅಮೆರಿಕದ ಬಾಸ್ಟನ್ನಿನ ಶಸ್ತ್ರವೈದ್ಯರಾದ ಮಿಕ್ಸ್‌ಟರ್ ಮತ್ತು ಬಾರ್, ಸೊಂಟದಿಂದ ಕಾಲಿಗೆ ಇಳಿಯುವ ನೋವಿಗೆ ಒಡೆದ ಡಿಸ್ಕ್ ಕಾರಣವಾಗಬಲ್ಲದು ಎಂದು ತಮ್ಮ ರೋಗಿಗಳ ವಿವರ ಸಹಿತ ಪ್ರಕಟಿಸಿದರು. ತಿರುಳು ಹೊರಗೆ ಬಂದಿದೆ ಅಂದಮೇಲೆ ಅದನ್ನು ಕತ್ತರಿಸಿ ತೆಗೆಯಬೇಕು, ಇಲ್ಲವೇ ಒಳಗೆ ಕಳಿಸಬೇಕು. ಎರಡನೆಯ ದಾರಿಯನ್ನು ಗಟ್ಟಿಯಾಗಿ ಹಿಡಿದವರು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಜೇಮ್ಸ್ ಸಿರಿಯಾಕ್ಸ್. ಎಳೆತದಿಂದ ಮೂಳೆಗಳು ದೂರ ಸರಿಯುತ್ತವೆ, ಡಿಸ್ಕ್ ಒಳಗೆ ಒತ್ತಡ ಇಳಿದು ಹೀರುವ ಬಲ ಹುಟ್ಟುತ್ತದೆ, ಹಿಂಬದಿಯ ಅಸ್ಥಿರಜ್ಜು ಬಿಗಿದು ಉಬ್ಬನ್ನು ಒಳಗೆ ತಳ್ಳುತ್ತದೆ ಎಂಬ ವಾದ 1950ರ ದಶಕದಿಂದ ಜಗತ್ತಿನೆಲ್ಲೆಡೆ ಹಬ್ಬಿತು. ನಮ್ಮೂರಿನ ಫಿಸಿಯೋ ಕೊಠಡಿಯಲ್ಲಿ ಇವತ್ತಿಗೂ ಕೇಳುವುದು ಇದರ ಸಂಕ್ಷಿಪ್ತ ರೂಪವನ್ನೇ.

ಟೇಬಲ್ಲಿನ ಮೇಲೆ

ಟ್ರ್ಯಾಕ್ಷನ್ ಟೇಬಲ್ ನೋಡದವರಿಗಾಗಿ ಒಂದಿಷ್ಟು ವಿವರ. ರೆಕ್ಸಿನ್ ಹೊದಿಸಿದ ಉದ್ದ ಹಾಸಿಗೆ, ನಡುವೆ ಎರಡು ತುಂಡು. ಕಾಲಿನ ಕಡೆಯ ತುಂಡು ಗಾಲಿಯ ಮೇಲೆ ಜರುಗುತ್ತದೆ. ಎದೆಯ ಕೆಳಗೆ, ಪಕ್ಕೆಲುಬುಗಳನ್ನು ಹಿಡಿಯುವಂತೆ ಒಂದು ಬೆಲ್ಟ್. ಅದರ ಪಟ್ಟಿಗಳನ್ನು ತಲೆಯ ಕಡೆಯ ಕೊಂಡಿಗೆ ಸಿಕ್ಕಿಸುತ್ತಾರೆ. ಸೊಂಟದ ಮೂಳೆಯ ಮೇಲೆ ಇನ್ನೊಂದು ಬೆಲ್ಟ್. ಅದರ ಪಟ್ಟಿಗಳು ಕಾಲಿನ ಕಡೆಯ ಯಂತ್ರಕ್ಕೆ. ಮಂಡಿಯ ಕೆಳಗೆ ಸ್ಟೂಲ್ ಇಟ್ಟು ಸೊಂಟದ ಬಾಗನ್ನು ಸಡಿಲಿಸುತ್ತಾರೆ. ಬೆಲ್ಟ್ ಬನಿಯನ್ನಿನ ಮೇಲೆ ಜಾರದಂತೆ ಬಿಗಿಯಾಗಿ ಕೂರಬೇಕು. ಸಡಿಲವಾದರೆ ಯಂತ್ರ ಎಳೆಯುವುದು ಬೆನ್ನನ್ನಲ್ಲ, ಬಟ್ಟೆಯನ್ನು. ಫಿಸಿಯೋ ತೂಕ, ಸಮಯ ಒತ್ತಿ, ರೋಗಿಯ ಕೈಗೆ ಒಂದು ಸ್ವಿಚ್ ಕೊಡುತ್ತಾರೆ. ನೋವು ಹೆಚ್ಚಿದರೆ ಅದನ್ನು ಒತ್ತಿದ ಕೂಡಲೇ ಎಳೆತ ನಿಲ್ಲಬೇಕು. ಈ ಸ್ವಿಚ್ ಕೊಡದೆ ಯಂತ್ರ ಚಾಲೂ ಮಾಡಿ ಹೊರಗೆ ಹೋಗುವವರು ಇದ್ದರೆ ಕೇಳಿ ಪಡೆಯಿರಿ.

ಎಳೆತದಲ್ಲಿ ಎರಡು ಬಗೆ. ಹತ್ತು ಹದಿನೈದು ನಿಮಿಷ ಒಂದೇ ಸಮ ಎಳೆದು ಹಿಡಿಯುವುದು ಒಂದು. ಅರ್ಧ ನಿಮಿಷವೋ ಒಂದು ನಿಮಿಷವೋ ಎಳೆದು, ಹತ್ತಿಪ್ಪತ್ತು ಸೆಕೆಂಡು ಸಡಿಲಿಸಿ, ಮತ್ತೆ ಎಳೆಯುವುದು ಇನ್ನೊಂದು. ಎರಡರಲ್ಲಿ ಯಾವುದು ಮೇಲು ಎಂಬ ಚರ್ಚೆಗೆ ಇಲ್ಲಿ ಸಮಯ ವ್ಯರ್ಥ ಮಾಡಬೇಕಿಲ್ಲ. ಎಷ್ಟು ತೂಕ ಎಂಬುದು ಮಾತ್ರ ಲೆಕ್ಕ ಹಾಕಬೇಕಾದ ವಿಷಯ.

70 ಕಿಲೋ ತೂಕದವರು ಸಾಧಾರಣ ಹಾಸಿಗೆಯ ಮೇಲೆ ಮಲಗಿದ್ದಾರೆ ಅನ್ನಿ. ಸೊಂಟದಿಂದ ಕೆಳಗಿನ ಭಾಗದ ತೂಕ ಸುಮಾರು ಅರ್ಧ, ಅಂದರೆ 35 ಕಿಲೋ. ಮೈಗೂ ಹಾಸಿಗೆಗೂ ನಡುವಿನ ಘರ್ಷಣೆಯ ಗುಣಾಂಕ ಸುಮಾರು 0.5. ಆದ್ದರಿಂದ ಹದಿನೇಳು ಹದಿನೆಂಟು ಕಿಲೋ ಬಲ ಬರೀ ಕೆಳಗಿನ ದೇಹವನ್ನು ಹಾಸಿಗೆಯ ಮೇಲೆ ಜರುಗಿಸಲಿಕ್ಕೇ ಖರ್ಚಾಗುತ್ತದೆ. ಬೆನ್ನುಮೂಳೆಗೆ ಎಳೆತ ತಟ್ಟುವುದು ಅದನ್ನು ದಾಟಿದ ಮೇಲೆ. 1950ರ ದಶಕದಲ್ಲಿ ಅಮೆರಿಕದ ವೈದ್ಯ ಜುಡೊವಿಚ್ ಅಳೆದು ಹೇಳಿದ್ದೂ ಇದನ್ನೇ: ದೇಹತೂಕದ ಕಾಲುಭಾಗದಷ್ಟು ಬಲ ಘರ್ಷಣೆಗೇ ಹೋಗುತ್ತದೆ. ಎರಡು ತುಂಡಿನ ಟೇಬಲ್ ಹುಟ್ಟಿದ್ದು ಈ ನಷ್ಟ ತಪ್ಪಿಸಲು. ಅಂಥ ಟೇಬಲ್ಲಿನಲ್ಲೂ ಸೊಂಟದ ಮೂಳೆಗಳು ಬೇರ್ಪಡಬೇಕಾದರೆ ದೇಹತೂಕದ ಶೇ. 30ರಿಂದ 50ರಷ್ಟು ಬಲ ಬೇಕು ಎಂಬುದು ರೂಢಿಯ ಲೆಕ್ಕ.

ಈಗ ಆಸ್ಪತ್ರೆ ವಾರ್ಡಿನ ಹಳೆಯ ದೃಶ್ಯ ನೆನಪಿಸಿಕೊಳ್ಳಿ. ಕಾಲಿಗೆ ಪಟ್ಟಿ ಸುತ್ತಿ, ಹಗ್ಗವನ್ನು ಮಂಚದ ತುದಿಯ ರಾಟೆಯ ಮೇಲೆ ಹಾಯಿಸಿ, ಐದಾರು ಕಿಲೋ ತೂಕ ನೇತುಹಾಕಿ, ವಾರಗಟ್ಟಲೆ ಮಲಗಿಸುತ್ತಿದ್ದರು. ಮೇಲಿನ ಲೆಕ್ಕ ಹಿಡಿದರೆ ಆ ತೂಕ ಸೊಂಟಕ್ಕೆ ತಲುಪುತ್ತಲೇ ಇರಲಿಲ್ಲ. ಅದು ಮಾಡುತ್ತಿದ್ದ ಕೆಲಸ ಒಂದೇ, ರೋಗಿ ಮಂಚ ಬಿಟ್ಟು ಏಳದಂತೆ ನೋಡಿಕೊಳ್ಳುವುದು. ಆ ಮಲಗುವಿಕೆಯಿಂದಲೂ ಲಾಭವಿಲ್ಲ ಎಂದು ಆಮೇಲೆ ಗೊತ್ತಾಯಿತು. ಅಮೆರಿಕದಲ್ಲಿ 1986ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸೊಂಟನೋವಿನವರಿಗೆ ಎರಡು ದಿನ ಮಲಗಲು ಹೇಳಿದ ಗುಂಪು, ಏಳು ದಿನ ಮಲಗಲು ಹೇಳಿದ ಗುಂಪಿನಷ್ಟೇ ಚೆನ್ನಾಗಿ ಚೇತರಿಸಿಕೊಂಡಿತು. ಕೆಲಸಕ್ಕೆ ರಜೆ ಹಾಕಿದ್ದು ಮಾತ್ರ ಕಡಿಮೆ.

ಎಳೆದಾಗ ಏನಾಗುತ್ತದೆ, ಬಿಟ್ಟಾಗ ಏನಾಗುತ್ತದೆ

ಡಿಸ್ಕ್ ಒಳಗಿನ ಒತ್ತಡವನ್ನು ಜೀವಂತ ಮನುಷ್ಯರಲ್ಲೇ ಸೂಜಿ ಇಳಿಸಿ ಅಳೆಯುವ ಕೆಲಸವನ್ನು 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಚೆಮ್ಸನ್ ಶುರುಮಾಡಿದರು. 1999ರಲ್ಲಿ ಜರ್ಮನಿಯ ವಿಲ್ಕೆ ಮತ್ತು ಸಂಗಡಿಗರು ಒಬ್ಬ ಸ್ವಯಂಸೇವಕನ ಎಲ್4–ಎಲ್5 ಡಿಸ್ಕಿನಲ್ಲಿ ಸಂವೇದಕ ಇಟ್ಟು ಇಡೀ ದಿನದ ಒತ್ತಡ ದಾಖಲಿಸಿದರು. ಮಲಗಿದಾಗ 0.1 ಮೆಗಾಪಾಸ್ಕಲ್, ನಿಂತಾಗ 0.5, ಬೆನ್ನು ಬಗ್ಗಿಸಿ 20 ಕಿಲೋ ತೂಕ ಎತ್ತಿದಾಗ 2.3. ಸುಮ್ಮನೆ ಅಂಗಾತ ಮಲಗಿದರೇ ನಿಂತದ್ದರ ಐದನೇ ಒಂದು ಭಾಗಕ್ಕೆ ಒತ್ತಡ ಇಳಿಯಿತು ಎಂಬುದನ್ನು ಗಮನಿಸಿ. ಟ್ರ್ಯಾಕ್ಷನ್ ಟೇಬಲ್ಲಿನ ಮೇಲೆ ಸಿಗುವ ಹಾಯಿಯಲ್ಲಿ ಯಂತ್ರದ ಪಾಲೆಷ್ಟು, ಮಲಗಿದ್ದರ ಪಾಲೆಷ್ಟು ಎಂದು ಕೇಳಲೇಬೇಕಾಗುತ್ತದೆ.

ಎಳೆತ ಹಾಕಿರುವಾಗಲೇ ಸಿಟಿ ಸ್ಕ್ಯಾನ್ ಮಾಡಿ ನೋಡಿದವರಿದ್ದಾರೆ. ಹೊರಬಂದ ಭಾಗ ಆ ಹೊತ್ತಿಗೆ ಸ್ವಲ್ಪ ಒಳಸರಿದದ್ದು ಕೆಲವರಲ್ಲಿ ಕಂಡಿದೆ. ಮೂಳೆಗಳ ನಡುವಿನ ಅಂತರ ಒಂದೆರಡು ಮಿಲಿಮೀಟರ್ ಹೆಚ್ಚುವುದೂ, ನರ ಹೊರಬರುವ ಕಿಂಡಿ ಅಗಲವಾಗುವುದೂ, ಬಿಗಿದ ಸ್ನಾಯು ಸಡಿಲವಾಗುವುದೂ ಸುಳ್ಳಲ್ಲ. ಆದ್ದರಿಂದಲೇ “ಟೇಬಲ್ ಮೇಲಿದ್ದಾಗ ಸ್ವರ್ಗ, ಇಳಿದು ಬಂದರೆ ಮತ್ತೆ ಅದೇ” ಎಂದು ಹೇಳುವವರ ಅನುಭವ ಪ್ರಾಮಾಣಿಕವಾದದ್ದು. ಬೆಲ್ಟ್ ಬಿಚ್ಚಿ ಎದ್ದು ನಿಂತ ಕೂಡಲೇ ಮೈಭಾರ ಮತ್ತೆ ಡಿಸ್ಕ್ ಮೇಲೆ ಕೂರುತ್ತದೆ. ಸೀಳಿದ ನಾರುಗಳು ಹದಿನೈದು ನಿಮಿಷದಲ್ಲಿ ಕೂಡಿಕೊಂಡಿರುವುದಿಲ್ಲ. ಒಳಸರಿದದ್ದನ್ನು ಅಲ್ಲೇ ಹಿಡಿದಿಡುವ ಬಾಗಿಲೇ ಇಲ್ಲ. ಇದರ ಮೇಲೆ, ಟ್ರ್ಯಾಕ್ಷನ್ನಿಗಾಗಿ ದಿನಾ ಒಂದು ಗಂಟೆ ಬಸ್ಸಿನಲ್ಲಿ ಹೋಗಿ ಒಂದು ಗಂಟೆ ಬಸ್ಸಿನಲ್ಲಿ ಬರುವವರು ಇದ್ದಾರೆ. ಕೂತಷ್ಟೂ ಕಾಲುಸೆಳೆತ ಹೆಚ್ಚುವ ರೋಗಿಗೆ ಈ ವ್ಯಾಪಾರ ಲಾಭದ್ದಲ್ಲ.

ಎಳೆತ ದಿನಗಟ್ಟಲೆ ಮುಂದುವರಿದರೆ? ಅದಕ್ಕೂ ಒಂದು ಉದಾಹರಣೆ ಇದೆ, ಬಾಹ್ಯಾಕಾಶದಲ್ಲಿ. ಅಲ್ಲಿ ಬೆನ್ನುಮೂಳೆಯ ಮೇಲೆ ಮೈಭಾರವೇ ಇಲ್ಲ. ಗಗನಯಾತ್ರಿಗಳ ಎತ್ತರ ಐದು ಸೆಂಟಿಮೀಟರಿನವರೆಗೂ ಹೆಚ್ಚಿದ್ದುಂಟು. ಟ್ರ್ಯಾಕ್ಷನ್ ವಾದ ಸರಿಯಿದ್ದರೆ ಅವರ ಬೆನ್ನು ಆನಂದದಿಂದಿರಬೇಕಿತ್ತು. ಆದರೆ ಹಾರಾಟದ ಮೊದಲ ದಿನಗಳಲ್ಲಿ ಅವರಲ್ಲಿ ಬಹಳ ಜನಕ್ಕೆ ಸೊಂಟ ನೋಯುತ್ತದೆ, ಮಂಡಿಯನ್ನು ಎದೆಗೆ ಒತ್ತಿ ಮುದುಡಿ ಮಲಗಿದರೆ ಕಡಿಮೆಯಾಗುತ್ತದೆ. ಭೂಮಿಗೆ ಮರಳಿದ ಮೇಲೆ ಡಿಸ್ಕ್ ಹೊರಬರುವ ಪ್ರಮಾಣವೂ ಅವರಲ್ಲಿ ಸಾಮಾನ್ಯರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಎಂದು 2010ರಲ್ಲಿ ಪ್ರಕಟವಾದ ಅಮೆರಿಕದ ಲೆಕ್ಕ ಹೇಳುತ್ತದೆ. ಡಿಸ್ಕ್ ಅತಿಯಾಗಿ ಉಬ್ಬಿರುವುದು, ಬೆನ್ನಿನ ಆಳದ ಸ್ನಾಯುಗಳು ಸೊರಗಿರುವುದು ಇದಕ್ಕೆ ಕೊಡುವ ಕಾರಣಗಳು. ಡಿಸ್ಕಿಗೆ ಭಾರವೂ ಬೇಕು, ಬಿಡುವೂ ಬೇಕು. ರಕ್ತನಾಳಗಳು ಹೆಚ್ಚುಕಡಿಮೆ ಇಲ್ಲದ ಅದಕ್ಕೆ ಪೋಷಣೆ ಸಿಗುವ ಮುಖ್ಯ ದಾರಿ ಅಕ್ಕಪಕ್ಕದ ಮೂಳೆಯಿಂದ ಒಸರಿ ಬರುವುದು.

ಪರೀಕ್ಷೆಗೆ ಇಟ್ಟಾಗ

ಟ್ರ್ಯಾಕ್ಷನ್ನನ್ನು ನ್ಯಾಯವಾಗಿ ಪರೀಕ್ಷಿಸುವುದು ಹೇಗೆ? ನೆದರ್ಲೆಂಡ್ಸಿನಲ್ಲಿ 1990ರ ದಶಕದಲ್ಲಿ ಮಾಡಿದ ಪ್ರಯೋಗ ನನಗೆ ಬಹಳ ಹಿಡಿಸಿದ್ದು. ಆರು ವಾರಕ್ಕೂ ಹೆಚ್ಚು ಕಾಲ ಸೊಂಟನೋವು ಕಾಡಿದ 151 ಜನ. ಎಲ್ಲರಿಗೂ ಅದೇ ಟೇಬಲ್, ಅದೇ ಬೆಲ್ಟ್, ಅದೇ ಯಂತ್ರದ ಸದ್ದು. ಒಂದು ಗುಂಪಿಗೆ ದೇಹತೂಕದ ಶೇ. 35ರಿಂದ 50ರಷ್ಟು ಎಳೆತ, ಇನ್ನೊಂದಕ್ಕೆ ಹೆಚ್ಚೆಂದರೆ ಶೇ. 20, ಅಂದರೆ ನಟನೆಯ ಎಳೆತ. ತನ್ನದು ಯಾವುದೆಂದು ರೋಗಿಗೆ ಗೊತ್ತಿಲ್ಲ. ಐದು ವಾರ ಕಳೆದ ಮೇಲೂ ಆರು ತಿಂಗಳ ಮೇಲೂ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎರಡೂ ಗುಂಪಿನಲ್ಲಿ ಬಹಳ ಜನ ಸುಧಾರಿಸಿದ್ದರು.

ಆಗ ಎದ್ದ ಆಕ್ಷೇಪ ಸರಿಯಾದದ್ದೇ. ಅವರೆಲ್ಲ ಬರೀ ಸೊಂಟನೋವಿನವರು. ನರ ಸಿಕ್ಕಿಹಾಕಿಕೊಂಡು ಕಾಲುಸೆಳೆತ ಇರುವವರಿಗೆ ಟ್ರ್ಯಾಕ್ಷನ್ ನಾಟಬಹುದಲ್ಲವೇ? ಅಮೆರಿಕದ ಫಿಸಿಯೋಥೆರಪಿ ಸಂಶೋಧಕಿ ಜೂಲಿ ಫ್ರಿಟ್ಜ್ ಮತ್ತು ಜೊತೆಗಾರರು 2007ರಲ್ಲಿ ಒಂದು ಸುಳಿವು ಕೊಟ್ಟರು: ಹಿಂದಕ್ಕೆ ಬಾಗಿದಾಗ ನೋವು ಕಾಲಿನ ಕೆಳಗೆ ಇಳಿಯುವವರು, ನೋವಿಲ್ಲದ ಕಾಲನ್ನು ಎತ್ತಿದರೂ ನೋವಿರುವ ಕಾಲು ಸೆಳೆಯುವವರು, ಇಂಥವರಿಗೆ ಟ್ರ್ಯಾಕ್ಷನ್ ಉಪಯೋಗವಾಗುವಂತಿದೆ. ಅದೇ ತಂಡ ಆಮೇಲೆ ಕಾಲುನೋವಿರುವ 120 ಜನರಲ್ಲಿ ಇದನ್ನು ದೊಡ್ಡದಾಗಿ ಪರೀಕ್ಷಿಸಿತು. 2016ರಲ್ಲಿ ಬಂದ ಫಲಿತಾಂಶ: ವ್ಯಾಯಾಮದ ಜೊತೆ ಟ್ರ್ಯಾಕ್ಷನ್ ಸೇರಿಸಿದ್ದರಿಂದ ಹೆಚ್ಚಿನ ಲಾಭವಿಲ್ಲ, ಆ ಲಕ್ಷಣಗಳು ಇದ್ದವರಿಗೂ ಇಲ್ಲ. ತಮ್ಮದೇ ಊಹೆಯನ್ನು ತಾವೇ ಹೀಗೆ ಒರೆಗೆ ಹಚ್ಚಿ ಸೋಲನ್ನು ಪ್ರಕಟಿಸುವವರು ಕಡಿಮೆ.

ಚಿಕಿತ್ಸೆಗಳ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2013ರ ವಿಮರ್ಶೆ 32 ಪ್ರಯೋಗಗಳ 2762 ರೋಗಿಗಳನ್ನು ಒಟ್ಟಿಗೆ ನೋಡಿ, ಟ್ರ್ಯಾಕ್ಷನ್‌ನಿಂದ ನೋವು, ಓಡಾಟ, ಕೆಲಸಕ್ಕೆ ಮರಳುವುದು ಯಾವುದರ ಮೇಲೂ ಪರಿಣಾಮ ಇಲ್ಲವೇ ಇಲ್ಲ ಅಥವಾ ತೀರಾ ಕಡಿಮೆ ಎಂದಿತು. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ 2016ರಲ್ಲಿ ಸಯಾಟಿಕಾ (ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು) ಇದ್ದರೂ ಇಲ್ಲದಿದ್ದರೂ ಸೊಂಟನೋವಿಗೆ ಟ್ರ್ಯಾಕ್ಷನ್ ಕೊಡಬೇಡಿ ಎಂದು ನೇರವಾಗಿ ಬರೆಯಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಸೊಂಟನೋವಿನ ಮಾರ್ಗಸೂಚಿಯಲ್ಲೂ ಅದನ್ನು ‘ಬೇಡ’ದ ಪಟ್ಟಿಯಲ್ಲಿ ಇಟ್ಟಿತು. ಇನ್ನೊಂದು ಬದಿಯ ಮಾತನ್ನೂ ಹೇಳಬೇಕು. ಡಿಸ್ಕ್ ಹೊರಬಂದು ಕಾಲುನೋವಿರುವವರನ್ನು ಮಾತ್ರ ತೆಗೆದುಕೊಂಡ ಕೆಲವು ಈಚಿನ ವಿಮರ್ಶೆಗಳು ಸ್ವಲ್ಪ ಕಾಲದ ಮಟ್ಟಿಗೆ ನೋವು ಇಳಿಯುವುದನ್ನು ಗುರುತಿಸಿವೆ. ತಿಂಗಳುಗಳ ಲೆಕ್ಕದಲ್ಲಿ ಆ ಲಾಭ ನಿಂತದ್ದಕ್ಕೆ ಪುರಾವೆ ದುರ್ಬಲ.

‘ಸ್ಪೈನಲ್ ಡಿಕಂಪ್ರೆಷನ್’ ಎಂಬ ಹೆಸರಿನಲ್ಲಿ ನಗರಗಳಲ್ಲಿ ಪ್ಯಾಕೇಜ್ ಮಾರುವ ಕಂಪ್ಯೂಟರ್ ಯಂತ್ರಗಳ ಮೂಲ ತತ್ವವೂ ಎಳೆತವೇ. ಬಲವನ್ನು ಏರಿಸಿ ಇಳಿಸುವುದನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ. ಇಂಥ ಒಂದು ಯಂತ್ರವನ್ನು ನೆದರ್ಲೆಂಡ್ಸಿನಲ್ಲೇ 60 ರೋಗಿಗಳ ಮೇಲೆ ನಟನೆಯ ಎಳೆತದ ಜೊತೆ ಹೋಲಿಸಿದ ಫಲಿತಾಂಶ 2009ರಲ್ಲಿ ಬಂತು. ವ್ಯತ್ಯಾಸ ಸಿಗಲಿಲ್ಲ. ಸಾದಾ ಟೇಬಲ್ಲಿಗಿಂತ ಎಷ್ಟೋ ಪಟ್ಟು ಹಣ ತೆತ್ತು ಇದಕ್ಕೆ ಹೋಗುವುದನ್ನು ನಾನಂತೂ ಯಾರಿಗೂ ಹೇಳಲಾರೆ. ಜನರನ್ನು ಬೆರಗುಗೊಳಿಸುವ ಏಣಿಯ ಬಗ್ಗೆ ಹಿಪೊಕ್ರೆಟಿಸ್ ಬರೆದದ್ದು ಇಲ್ಲಿಗೂ ಒಪ್ಪುತ್ತದೆ.

ಹಾಗಾದರೆ ಗುಣವಾದದ್ದು ಯಾರಿಂದ?

ಹೊರಗೆ ಬಂದ ತಿರುಳನ್ನು ದೇಹವೇ ತಿಂದುಹಾಕುತ್ತದೆ. ಇದು ಉತ್ಪ್ರೇಕ್ಷೆಯಲ್ಲ. ಉಂಗುರದ ಒಳಗೆ ಬಚ್ಚಿಟ್ಟುಕೊಂಡಿದ್ದ ತಿರುಳನ್ನು ನಮ್ಮ ರೋಗನಿರೋಧಕ ವ್ಯವಸ್ಥೆ ಯಾವತ್ತೂ ಸರಿಯಾಗಿ ಕಂಡಿರುವುದಿಲ್ಲ. ಅದು ಹೊರಬಿದ್ದಾಗ ಪರಕೀಯ ವಸ್ತುವೆಂದು ಎಣಿಸಿ, ಅಲ್ಲಿಗೆ ಹೊಸ ರಕ್ತನಾಳಗಳನ್ನು ಬೆಳೆಸಿ, ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳನ್ನು ಕಳಿಸುತ್ತದೆ. ನರವನ್ನು ಕೆಣಕುವ ಉರಿಯೂತವೇ ತಿರುಳನ್ನು ಕರಗಿಸುವ ಕೆಲಸಕ್ಕೂ ನಾಂದಿ ಹಾಡುತ್ತದೆ. 2015ರ ಒಂದು ವಿಮರ್ಶೆಯ ಪ್ರಕಾರ ಆಪರೇಷನ್ ಇಲ್ಲದೆಯೇ, ತುಂಡಾಗಿ ಕಳಚಿಬಿದ್ದ ಡಿಸ್ಕ್‌ಗಳಲ್ಲಿ ಶೇ. 96, ಎಕ್ಸ್‌ಟ್ರೂಷನ್‌ಗಳಲ್ಲಿ ಶೇ. 70, ಪ್ರೊಟ್ರೂಷನ್‌ಗಳಲ್ಲಿ ಶೇ. 41, ಬರೀ ಬಲ್ಜ್‌ಗಳಲ್ಲಿ ಶೇ. 13 ತಾವಾಗಿಯೇ ಕುಗ್ಗಿದ್ದವು. ಹೆದರಿಸುವಂತೆ ಕಾಣುವ ದೊಡ್ಡ ತುಂಡೇ ಹೆಚ್ಚು ಚೆನ್ನಾಗಿ ಕರಗುತ್ತದೆ. ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದು ಗಾಬರಿಯಾಗುವ ಮನೆಯವರಿಗೆ ಇದನ್ನು ಮೊದಲು ಹೇಳಬೇಕು.

ಇದಕ್ಕೆ ಹಿಡಿಯುವ ಕಾಲ ವಾರಗಳಿಂದ ತಿಂಗಳುಗಳು. ನೋವು ತಾಳಲಾರದೆ ಟ್ರ್ಯಾಕ್ಷನ್ನಿಗೆ ಹೋಗುವುದು ಸಾಮಾನ್ಯವಾಗಿ ನೋವಿನ ತುದಿಯಲ್ಲಿ, ಮೂರನೆಯದೋ ನಾಲ್ಕನೆಯದೋ ವಾರದಲ್ಲಿ. ಅಲ್ಲಿಂದ ಮುಂದೆ ನೋವು ಇಳಿಯುವ ಸಂಭವವೇ ಹೆಚ್ಚು. ಹತ್ತು ಸಿಟ್ಟಿಂಗ್ ಮುಗಿಯುವ ಹೊತ್ತಿಗೆ ನೋವು ಅರ್ಧಕ್ಕೆ ಇಳಿದಿದ್ದರೆ ಕೀರ್ತಿ ಯಂತ್ರಕ್ಕೆ ಹೋಗುತ್ತದೆ; ಅದೇ ಸಮಯದಲ್ಲಿ ಎಣ್ಣೆ ತೀಡಿಸಿಕೊಂಡಿದ್ದರೆ ಎಣ್ಣೆಗೆ, ಹರಕೆ ಹೊತ್ತಿದ್ದರೆ ದೇವರಿಗೆ. ಆಪರೇಷನ್ ವಿಷಯದಲ್ಲೂ ಕಾಲದ ಮಹಿಮೆ ಇದೆ. 2007ರಲ್ಲಿ ಪ್ರಕಟವಾದ ಡಚ್ ಪ್ರಯೋಗದಲ್ಲಿ 6ರಿಂದ 12 ವಾರ ತೀವ್ರ ಸಯಾಟಿಕಾ ಅನುಭವಿಸಿದ 283 ಜನರನ್ನು ಎರಡು ಪಾಲು ಮಾಡಿದರು. ಬೇಗ ಆಪರೇಷನ್ ಮಾಡಿಸಿಕೊಂಡವರಿಗೆ ಕಾಲುನೋವು ಬೇಗ ಇಳಿಯಿತು. ಕಾದವರಲ್ಲಿ ಶೇ. 39 ಜನಕ್ಕೆ ಕೊನೆಗೆ ಆಪರೇಷನ್ ಬೇಕಾಯಿತು, ಉಳಿದವರಿಗೆ ಬೇಕಾಗಲಿಲ್ಲ. ವರ್ಷದ ಕೊನೆಗೆ ಎರಡೂ ಪಾಲಿನಲ್ಲಿ ಶೇ. 95 ಜನ ಚೇತರಿಸಿಕೊಂಡಿದ್ದರು.

ಎಂಆರ್‌ಐನಲ್ಲಿ ಕಂಡದ್ದೆಲ್ಲ ಕಾಯಿಲೆಯೂ ಅಲ್ಲ. ಸೊಂಟನೋವೇ ಇಲ್ಲದ 3110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದಾಗ, ಇಪ್ಪತ್ತರ ವಯಸ್ಸಿನವರಲ್ಲೇ ಶೇ. 30 ಮಂದಿಗೆ, ಎಂಬತ್ತರವರಲ್ಲಿ ಶೇ. 84 ಮಂದಿಗೆ ಡಿಸ್ಕ್ ಬಲ್ಜ್ ಇತ್ತು. ಟ್ರ್ಯಾಕ್ಷನ್ ಆದಮೇಲೆ “ಬಲ್ಜ್ ಹೋಯಿತಾ ನೋಡೋಣ” ಎಂದು ಮತ್ತೊಮ್ಮೆ ಸಾವಿರಾರು ರೂಪಾಯಿ ಸುರಿದು ಸ್ಕ್ಯಾನ್ ಮಾಡಿಸುವುದರಲ್ಲಿ ಅರ್ಥವಿಲ್ಲ.

ಹಾಗೆಂದು ಟ್ರ್ಯಾಕ್ಷನ್ ಕೊಡುವ ಫಿಸಿಯೋ ಎಲ್ಲ ಮೋಸಗಾರರು ಅನ್ನುವುದು ಅನ್ಯಾಯ. ನೋವಿನಿಂದ ರಾತ್ರಿ ನಿದ್ದೆಯಿಲ್ಲದೆ, ಒಂದು ಹೆಜ್ಜೆ ಇಡಲೂ ಹೆದರುವವರಿಗೆ ಹದಿನೈದು ನಿಮಿಷದ ಆರಾಮ ಸಿಕ್ಕಿ, ಆ ಬಿಡುವಿನಲ್ಲಿ ವ್ಯಾಯಾಮ ಶುರುವಾದರೆ ಅದಕ್ಕೊಂದು ಬೆಲೆಯಿದೆ. ನನ್ನ ತಕರಾರು ಟ್ರ್ಯಾಕ್ಷನ್, ಐಎಫ್‌ಟಿ (ಚರ್ಮದ ಮೇಲಿಂದ ವಿದ್ಯುತ್ ಹಾಯಿಸುವ ಚಿಕಿತ್ಸೆ), ಅಲ್ಟ್ರಾಸೌಂಡ್ ಮೂರನ್ನೂ ಸಾಲಾಗಿ ಕೊಟ್ಟು ನಾಳೆ ಬನ್ನಿ ಎಂದು ಕಳಿಸುವ ಪದ್ಧತಿಯ ಮೇಲೆ. ರೋಗಿ ಮಲಗಿಯೇ ಇರುತ್ತಾರೆ, ಎಲ್ಲವೂ ಅವರಿಗೆ ‘ಆಗುತ್ತದೆ’, ಅವರು ಮಾಡುವುದೇನೂ ಇಲ್ಲ. ಒಳ್ಳೆಯ ಫಿಸಿಯೋ ಮೊದಲ ದಿನವೇ ನಿಮ್ಮನ್ನು ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ ಹಲವು ಸಲ ಬಾಗಿಸಿ, ಪ್ರತಿ ಸಲವೂ ನೋವು ಎಲ್ಲಿದೆ ಎಂದು ಕೇಳುತ್ತಾರೆ. ನ್ಯೂಜಿಲೆಂಡಿನ ರಾಬಿನ್ ಮೆಕೆಂಜಿ ಎಂಬ ಫಿಸಿಯೋ 1956ರಲ್ಲಿ ಆಕಸ್ಮಿಕವಾಗಿ ಕಂಡುಕೊಂಡ ದಾರಿ ಇದು. ತಲೆಯ ಕಡೆ ಎತ್ತರಿಸಿದ್ದ ಟೇಬಲ್ಲಿನ ಮೇಲೆ ರೋಗಿಯೊಬ್ಬರು ಗೊತ್ತಿಲ್ಲದೆ ಬೋರಲು ಮಲಗಿ, ಬೆನ್ನು ಹಿಂದಕ್ಕೆ ಬಾಗಿದ್ದ ಸ್ಥಿತಿಯಲ್ಲೇ ಕೆಲವು ನಿಮಿಷ ಇದ್ದಾಗ ಅವರ ಕಾಲುನೋವು ಮಾಯವಾಗಿತ್ತು. ಪಾದದಲ್ಲಿದ್ದ ನೋವು ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ಅಲ್ಲಿಂದ ಸೊಂಟಕ್ಕೆ ಹಿಮ್ಮೆಟ್ಟುತ್ತಿದ್ದರೆ, ಸೊಂಟದ ನೋವು ಸ್ವಲ್ಪ ಹೆಚ್ಚಿದರೂ, ಅದು ಒಳ್ಳೆಯ ಲಕ್ಷಣ. ಯಾವ ಚಲನೆಯಿಂದ ಹಾಗಾಗುತ್ತದೋ ಅದೇ ನಿಮ್ಮ ವ್ಯಾಯಾಮ. ಟ್ರ್ಯಾಕ್ಷನ್ ತೆಗೆದುಕೊಳ್ಳುತ್ತಿದ್ದರೂ ಇದೇ ಅಳತೆಗೋಲು. ನಾಲ್ಕೈದು ಸಿಟ್ಟಿಂಗ್ ಆದಮೇಲೂ ಕಾಲಿನ ನೋವು ಮೇಲಕ್ಕೆ ಸರಿಯದಿದ್ದರೆ, ಇಲ್ಲವೇ ಇನ್ನೂ ಕೆಳಗಿಳಿದಿದ್ದರೆ, ಉಳಿದ ಸಿಟ್ಟಿಂಗ್‌ಗಳಿಗೆ ಹಣ ಕಟ್ಟಿದ್ದೇವೆ ಎಂಬ ಕಾರಣಕ್ಕೆ ಮುಂದುವರಿಸಬೇಡಿ.

ಕುತ್ತಿಗೆಯ ಕಥೆ ಸ್ವಲ್ಪ ಬೇರೆ. ತಲೆಯ ತೂಕ ನಾಲ್ಕೈದು ಕಿಲೋ, ಘರ್ಷಣೆ ಕಡಿಮೆ, ಮೂಳೆಗಳು ಚಿಕ್ಕವು. ಕಡಿಮೆ ಬಲಕ್ಕೇ ಅವು ಬೇರ್ಪಡುತ್ತವೆ. ಕುತ್ತಿಗೆಯ ಡಿಸ್ಕ್‌ನಿಂದ ಕೈಗೆ ಸೆಳೆತ ಇಳಿಯುವ 86 ಜನರ ಮೇಲೆ, ಆಗಲೇ ಹೇಳಿದ ಫ್ರಿಟ್ಜ್ ತಂಡವೇ ಮಾಡಿ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವ್ಯಾಯಾಮದ ಜೊತೆ ಯಂತ್ರದ ಟ್ರ್ಯಾಕ್ಷನ್ ಸೇರಿಸಿದವರು ವರ್ಷದ ನಂತರವೂ ಉಳಿದವರಿಗಿಂತ ಮೇಲಿದ್ದರು. ಒಂದೇ ಪ್ರಯೋಗದ ಮೇಲೆ ಕುಣಿಯಬೇಕಿಲ್ಲವಾದರೂ, ಸೊಂಟದ ಬಗ್ಗೆ ಹೇಳಿದ ಕಟುಮಾತನ್ನು ಕುತ್ತಿಗೆಗೆ ಹಾಗೇ ಅನ್ವಯಿಸಲಾರೆ. ಬಾಗಿಲಿಗೆ ತೂಗುಹಾಕುವ ನೀರಿನ ಚೀಲದ ಕಿಟ್ ತಂದು ಮನೆಯಲ್ಲೇ ಶುರುಮಾಡುವುದು ಮಾತ್ರ ಬೇಡ. ರುಮಟಾಯ್ಡ್ ಸಂಧಿವಾತ ಇರುವವರಲ್ಲಿ ಕುತ್ತಿಗೆಯ ಮೊದಲೆರಡು ಮೂಳೆಗಳ ಕಟ್ಟು ಸಡಿಲವಾಗಿರಬಹುದು, ಅಲ್ಲಿ ಎಳೆತ ಅಪಾಯಕಾರಿ. ಟವೆಲ್ ಹಾಕಿ ಧಡ್ಡನೆ ಜಗ್ಗಿ ‘ಟಕ್’ ಅನ್ನಿಸುವ ವಿಡಿಯೊಗಳಿಂದಲೂ, ಕಾಲು ಹಿಡಿದು ಒಮ್ಮೆಲೇ ಎಳೆದು ಉಳುಕು ತೆಗೆಯುವವರಿಂದಲೂ ನರದ ತೊಂದರೆ ಇರುವವರು ದೂರವಿರಬೇಕು. ತಲೆಕೆಳಗಾಗಿ ನೇತಾಡುವ ಟೇಬಲ್ ಬಿಪಿ, ಗ್ಲಾಕೋಮಾ ಇರುವವರಿಗೆ ಆಗದು.

ಸೊಂಟದ ಟ್ರ್ಯಾಕ್ಷನ್ ಯಾರಿಗೆ ಕೂಡದು ಎಂಬುದನ್ನು ಮಲಗುವ ಮೊದಲೇ ಕೇಳಿಕೊಳ್ಳಬೇಕು: ಮೂಳೆ ಸವೆದು ಟೊಳ್ಳಾದ ವಯಸ್ಸಾದವರು, ಗರ್ಭಿಣಿಯರು, ಬೆನ್ನುಮೂಳೆಯ ಮುರಿತ ಅಥವಾ ಈಚೆಗೆ ಆಪರೇಷನ್ ಆದವರು, ಹೊಟ್ಟೆಯ ಮಹಾಅಪಧಮನಿ ಉಬ್ಬಿರುವವರು, ಹರ್ನಿಯಾ ಇರುವವರು, ಕ್ಯಾನ್ಸರ್ ಇತಿಹಾಸದವರು. ನಮ್ಮ ದೇಶದಲ್ಲಿ ಈ ಪಟ್ಟಿಗೆ ಬೆನ್ನುಮೂಳೆಯ ಕ್ಷಯವನ್ನು ದಪ್ಪಕ್ಷರದಲ್ಲಿ ಸೇರಿಸಬೇಕು. ಸಂಜೆ ಸಣ್ಣ ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೆ ಅದು ಡಿಸ್ಕ್ ಎಂದು ಊಹಿಸಿಕೊಂಡು ಎಳೆಸಿಕೊಳ್ಳಬಾರದು. ಸೋಂಕಿನಿಂದ ದುರ್ಬಲವಾದ ಮೂಳೆ ಎಳೆತ ತಾಳುವುದಿಲ್ಲ.

ಕೆಲವು ಲಕ್ಷಣಗಳಿಗೆ ನಾಳೆಯ ಅಪಾಯಿಂಟ್‌ಮೆಂಟ್ ಕಾಯುವಂತಿಲ್ಲ. ಮೂತ್ರ ಕಟ್ಟಿಕೊಳ್ಳುವುದು ಅಥವಾ ಹಿಡಿತ ತಪ್ಪುವುದು, ಮಲದ ಮೇಲೆ ಹತೋಟಿ ಹೋಗುವುದು, ತೊಡೆಸಂದಿ ಹಾಗೂ ಗುದದ ಸುತ್ತ ಸ್ಪರ್ಶ ಗೊತ್ತಾಗದಿರುವುದು, ಎರಡೂ ಕಾಲು ಸೋಲುವುದು. ದೊಡ್ಡ ತುಂಡೊಂದು ಬೆನ್ನುಹುರಿಯ ಕೆಳತುದಿಯ ನರಗಳ ಗೊಂಚಲನ್ನು ಅದುಮಿದಾಗ ಹೀಗಾಗುತ್ತದೆ. ಅದೇ ದಿನ, ರಾತ್ರಿಯಾದರೂ ಸರಿ, ಎಂಆರ್‌ಐ ಮತ್ತು ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಹೋಗಬೇಕು. ನಡೆಯುವಾಗ ಪಾದದ ಮುಂಭಾಗ ಎತ್ತಲಾಗದೆ ಚಪ್ಪಲಿ ನೆಲಕ್ಕೆ ತಟ್ಟುತ್ತಾ ಹೋಗುತ್ತಿದ್ದರೂ ತಡಮಾಡದೆ ವೈದ್ಯರಿಗೆ ತೋರಿಸಿ, ಅಲ್ಲಿಯವರೆಗೆ ಟ್ರ್ಯಾಕ್ಷನ್ ನಿಲ್ಲಿಸಿ.